ಬಂಡೆಯಂಚಿನ ದಾರಿ

"ಕೈ ತೆಗೀರಿ! ಇದು ನಮ್ಮ ಚರ್ಚಿನ ಗೋಡೆ!"

ಎರ್ಸಿಲಿಯಾಳ ಕೂಗಿಗೆ ಏಣಿಯ ಮೇಲಿದ್ದ ಯುವಕ ಬೆಚ್ಚಿದ. ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಗಾರೆಯಲ್ಲಿ ಅಂಟಿಸುತ್ತಿದ್ದ.

"ನಾನು ನೇವಿಯೊ. ಸರ್ಕಾರದ ಕಡೆಯಿಂದ ಬಂಡೆ ಪರೀಕ್ಷೆ ಮಾಡೋನು. ಬಿರುಕು ಅಗಲವಾದ್ರೆ ಈ ಗಾಜು ಒಡೆಯತ್ತೆ, ಅಷ್ಟೇ."

"ಗೊತ್ತು ಬಿಡಿ! ನಮ್ಮನ್ನ ಊರು ಬಿಡಿಸೋಕೆ ಬಂದೋರು!"

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ... ಭಯವಿತ್ತು. ಅದೇ ಅವಳನ್ನು ಕಾಡಿತು.

ಮೊಂತೆಲಾರಾ ಊರು ಬಂಡೆಯ ನೆತ್ತಿಯ ಮೇಲಿತ್ತು. ತಲೆಮಾರಿಗೊಂದು ಬೀದಿಯನ್ನು ಕಣಿವೆ ನುಂಗುತ್ತಿತ್ತು. ಎರ್ಸಿಲಿಯಾಳ ಮುತ್ತಜ್ಜಿ ಹುಟ್ಟಿದ ಮನೆಯಲ್ಲಿ ಈಗ ಉಳಿದಿದ್ದದ್ದು ಬಂಡೆಗೆ ಕಚ್ಚಿಕೊಂಡ ಒಲೆ ಮಾತ್ರ. ಆದರೂ ಪ್ರತಿ ಸೆಪ್ಟೆಂಬರಿನಲ್ಲಿ ಎಂಟು ಹೆಂಗಸರು ಮಾತೆ ಮರಿಯಮ್ಮನ ವಿಗ್ರಹವನ್ನು ಹೆಗಲ ಮೇಲೆ ಹೊತ್ತು ಬಂಡೆಯಂಚಿನ ದಾರಿಯಲ್ಲಿ ಊರು ಸುತ್ತುತ್ತಿದ್ದರು. ಮುಂದಿನ ಬಲಗಡೆಯ ಹೆಗಲು ಏಳು ತಲೆಮಾರಿನಿಂದ ಎರ್ಸಿಲಿಯಾಳ ಮನೆಯವರದು.

ಹತ್ತು ದಿನಗಳಲ್ಲಿ ಜಗಳ ಮೆತ್ತಗಾಯಿತು. ನೇವಿಯೊ ಬಾಗಿಲಿಗೆ ಬಂದು ನೀರು ಕೇಳಿದ. ಅವಳು ಹುರುಳಿಕಾಯಿ ಸಾರೂ ಬಡಿಸಿದಳು. "ಉಪ್ಪು ಕಮ್ಮಿ," ಎಂದ. "ನಾಲಿಗೆ ಜಾಸ್ತಿ," ಎಂದಳು. ಇಬ್ಬರೂ ನಕ್ಕರು.

'ಇವನು ಹೊರಟುಹೋದರೆ...?' ಅವಳು ಅವನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದಳು.

ಹಬ್ಬದ ಬೆಳಗ್ಗೆ, ಚರ್ಚಿನ ಗೋಡೆಗೆ ಅವನು ಅಂಟಿಸಿದ್ದ ಮೂರು ಗಾಜುಗಳೂ ಒಡೆದಿದ್ದವು.

ನೇವಿಯೊ ಬಿಳಿಚಿಕೊಂಡು ಓಡಿ ಬಂದ. "ಕೋಪಕ್ಕೆ ನೀವೇ ಒಡೆದ್ರಾ? ನಿಜ ಹೇಳಿ!"

"ನಾನಾ? ಮೆರವಣಿಗೆ ನಿಲ್ಲಿಸೋಕೆ ನೀವೇ ಒಡೆದಿರ್ತೀರಿ!"

ಅವನು ಮೆರವಣಿಗೆಗೆ ತಡೆಯಾಜ್ಞೆ ತರಲು ಬಂಡೆಯಂಚಿನ ದಾರಿ ಹಿಡಿದು ಕೆಳಗಿನ ಊರಿಗೆ ಇಳಿದ. ಅವಳು ಬಾಗಿಲಿಕ್ಕಿಕೊಂಡು ಅತ್ತಳು.

ಮಧ್ಯಾಹ್ನ ವಿಗ್ರಹ ಹೆಗಲೇರಿತು. ಬಂಡೆಯಂಚಿನ ದಾರಿಯ ತಿರುವಿಗೆ ಬರುವಾಗ ಎರ್ಸಿಲಿಯಾಳಿಗೆ ಹೊಳೆಯಿತು. 'ಅವನೇ ಒಡೆದಿದ್ದರೆ ನನ್ನನ್ನೇಕೆ ಕೇಳಿದ? ನಾನೂ ಒಡೆದಿಲ್ಲ... ಹಾಗಾದರೆ?'

ಪಕ್ಕದ ಗೋಡೆಯ ಸಂದಿಯಿಂದ, ಹರಿದ ಚೀಲದಿಂದ ಹಿಟ್ಟು ಸುರಿದಂತೆ, ಮಣ್ಣು ಸುರಿಯುತ್ತಿತ್ತು.

"ನಿಲ್ಲಿ!"

"ಏನೇ ಇದು?" ವಿಗ್ರಹದ ಹಿಂದೆ ನಡೆಯುತ್ತಿದ್ದ ಪಾಲ್ಮಿರಾ ಅತ್ತೆ ಗದರಿದಳು. "ನಿಮ್ಮಮ್ಮ ಜ್ವರ ಬಂದಾಗ್ಲೂ ಇಲ್ಲಿ ನಿಂತೋಳಲ್ಲ. ಆ ಗಾಜಿನವ್ನು ತಲೆ ಕೆಡಿಸಿದ್ನಾ?"

"ಮರಿಯಮ್ಮನಾಣೆ ಅತ್ತೆ, ಒಂದು ಹೆಜ್ಜೇನೂ ಇಡಲ್ಲ!"

ಮುಂದಿನ ಹೆಗಲು ಕದಲದೆ ವಿಗ್ರಹ ಕದಲದು. ಶಪಿಸುತ್ತಲೇ ಹೆಂಗಸರು ಚೌಕದತ್ತ ತಿರುಗಿದರು. ಇಪ್ಪತ್ತು ಹೆಜ್ಜೆ ಹೋಗಿರಬಹುದು... ನೆಲ ನಡುಗಿತು. ಹಿಂದಿದ್ದ ದಾರಿ, ಅದರ ಗೋಡೆ, ಎರಡು ಅಂಜೂರದ ಮರ ಕಣಿವೆಗೆ ಜಾರಿದವು. ಪಾಲ್ಮಿರಾ ಅತ್ತೆ ಶಿಲುಬೆಯ ಗುರುತು ಮಾಡಿಕೊಂಡಳು.

'ನೇವಿಯೊ ಹೋದದ್ದು ಅದೇ ದಾರಿ!'

"ಅತ್ತೆ, ಹಿಡ್ಕೊಳ್ಳಿ!" ತನ್ನ ಹೆಗಲ ಭಾರವನ್ನು ಅತ್ತೆಗೆ ಒಪ್ಪಿಸಿ ಧೂಳಿನೊಳಗೆ ಓಡಿದಳು. "ನೇವಿಯೊ!"

ಕುಸಿದ ಅಂಚಿನವರೆಗೆ ಹೋಗಿ ಮತ್ತೆ ಕೂಗಿದಳು.

"ಎರ್ಸಿಲಿಯಾ!"

ಊರ ಹೆಬ್ಬಾಗಿಲ ಕಡೆಯಿಂದ ಅವನು ಏದುಸಿರು ಬಿಡುತ್ತ ಬಂದ. ಬರುವಾಗ ಮೆಟ್ಟಿಲ ದಾರಿ ಹಿಡಿದಿದ್ದ. ಅವಳು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಸತ್ತೇ ಹೋದ್ರಿ ಅಂದ್ಕೊಂಡೆ... ನೀವಿಲ್ದೆ ನಂಗಾಗಲ್ಲ!"

"ನಿಮ್ಮ ಮೇಲೆ ಅನುಮಾನ ಪಟ್ಟೆ. ಕ್ಷಮಿಸ್ತೀರಾ? ಮೊದಲ ದಿನದಿಂದ ನಿಮ್ಮನ್ನ ಪ್ರೀತಿಸಿದೀನಿ. ಹೇಳೋ ಧೈರ್ಯ ಇರ್ಲಿಲ್ಲ."

ಎಲ್ಲೋ ಕೆಳಗೆ ಮತ್ತೊಂದು ಬಂಡೆ ಉರುಳಿತು.

"ಊರು ಬಿಡಲೇಬೇಕಾ?"

"ಬಿಡಲೇಬೇಕು."

"ಕೆಳಗಿನ ಊರಲ್ಲಿ ಇಲ್ಲಿಯ ಗಾಳಿ ಇರಲ್ಲ. ನಂಗೆ ನಿದ್ದೆ ಬರಲ್ಲ, ನೇವಿಯೊ."

"ಬರೋ ತನಕ ನಾನೂ ಎಚ್ಚರ ಇರ್ತೀನಿ."