ಶೂ ತಟ್ಟಿದವರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಣ್ಣ ತೀರಿಕೊಂಡ ಮೇಲೆ ಅವನ ಹಳೆಯ ಸ್ಪೋರ್ಟ್ಸ್ ಕಾರಿನ ಪೆಟ್ರೋಲ್ ಫಿಲ್ಟರನ್ನು ಮನೆಯ ಶೆಡ್ಡಿನಲ್ಲಿ ನಾನೊಬ್ಬನೇ ಬದಲಾಯಿಸಿದ್ದು ಅದೇ ಮೊದಲು. ಫಿಲ್ಟರಿನ ಮೇಲಿನ ಬಾಣ ಇಂಜಿನ್ ಕಡೆಗಿರಬೇಕು. ನಾನು ಯಾವಾಗಲೂ ಉಲ್ಟಾ ಹಿಡಿಯುತ್ತಿದ್ದೆ. ಅಣ್ಣ ಬಗ್ಗಿ ನೋಡಿ, ಕಾರಿನಡಿಯಿಂದ ಚಾಚಿದ ನನ್ನ ಶೂಗೆ ಕಾಲಿನಿಂದ ಮೆಲ್ಲಗೆ ತಟ್ಟುತ್ತಿದ್ದ.

ಆ ಮಧ್ಯಾಹ್ನ ಶೆಡ್ಡು ಕಾದ ಕಾವಲಿಯಂತಿತ್ತು. ಕಾರಿನಡಿ ಮಲಗಿದ್ದ ನನ್ನ ಎಡಪಾದ ಮಾತ್ರ ತಣ್ಣಗಾಯಿತು. ಪೈಪು ಸಿಕ್ಕಿಸುವಾಗ ಯಾರೋ ಆ ಶೂಗೆ ತಟ್ಟಿದರು. ಮತ್ತೆ ತಟ್ಟಿದರು. ಪೆಟ್ರೋಲು ತೋಳಿಗೆ ಇಳಿಯುತ್ತಿತ್ತು, ನನಗೆ ರೇಗಿತು.

“ಅತ್ತಿಗೆ, ನಂಗೆಲ್ಲ ಗೊತ್ತು. ತಲೆ ತಿನ್ಬೇಡಿ, ಹೋಗಿ!”

ತಟ್ಟುವುದು ನಿಂತಿತು. ಚಪ್ಪಲಿಯ ಸದ್ದು ದೂರವಾಯಿತು, ಬಾಗಿಲಿನತ್ತ ಅಲ್ಲ, ಹಿಂದಿನ ಗೋಡೆಯತ್ತ.

ತೆವಳಿಕೊಂಡು ಹೊರಬಂದರೆ, ಅತ್ತಿಗೆ ತರಕಾರಿ ಚೀಲ ಹಿಡಿದು ಆಗಷ್ಟೇ ಗೇಟು ತೆಗೆಯುತ್ತಿದ್ದರು.

“ಯಾರನ್ನೋ ಬೈತಿದ್ದೆಯಲ್ಲ, ಯಾರು ಬಂದಿದ್ರು?”

ನಾನು ಮತ್ತೆ ಕಾರಿನಡಿ ಬಗ್ಗಿ ನೋಡಿದೆ. ಬಾಣ ಟ್ಯಾಂಕಿನ ಕಡೆಗಿತ್ತು.

ಆಮೇಲೆ ಎಷ್ಟೋ ಸಲ ಫಿಲ್ಟರನ್ನು ಬೇಕೆಂದೇ ಉಲ್ಟಾ ಹಿಡಿದು, ಕಾಲು ಹೊರಗೆ ಚಾಚಿ ಕಾದಿದ್ದೇನೆ. ಯಾರೂ ತಟ್ಟುವುದಿಲ್ಲ. ಆ ಎಡಗಾಲಿನ ಶೂ ಮಾತ್ರ, ಇಡೀ ದಿನ ಬಿಸಿಲಿಗಿಟ್ಟರೂ ಬೆಚ್ಚಗಾಗುವುದಿಲ್ಲ.