ಹದಿಮೂರನೆಯ ಕೋಣೆಯ ಥರ್ಮೋಸ್ಟಾಟ್

"ಹಲೋ! ಏಣಿಯಿಂದ ಇಳೀರಿ! ಕೆಲಸದವರು ಎಲ್ಲಿ?"

ಪ್ರಾಪ್ತಿ ಇಳಿಯಲಿಲ್ಲ. ಬಾಯಲ್ಲಿ ಕಚ್ಚಿದ್ದ ಸ್ಕ್ರೂಡ್ರೈವರ್ ತೆಗೆದು ಕೆಳಗೆ ನೋಡಿದಳು.

"ಕೆಲಸದವಳು ನಾನೇ. ನೀವು ಯಾರು?"

ತೋಡಾರಿನ ಆ ಹೊಸ ಲಾಡ್ಜಿನ ಸೂಪರ್‌ವೈಸರ್ ಲತೇಶ್ ತಬ್ಬಿಬ್ಬಾದ. ದೋಹಾದಲ್ಲಿ ಏಳು ವರ್ಷ ದೊಡ್ಡ ದೊಡ್ಡ ಕಟ್ಟಡ ನೋಡಿಕೊಂಡು ಬಂದವನಿಗೆ ಮಡಂತ್ಯಾರಿನ ಹುಡುಗಿಯೊಬ್ಬಳು ಮೇಲಿನಿಂದ ಹೀಗೆ ಕೇಳುವುದೆಂದರೆ!

"ಇಪ್ಪತ್ತನಾಲ್ಕು ಕೋಣೆ ಉಂಟು. ಎರಡು ದಿನದಲ್ಲಿ ಬಿಟ್ಟು ಓಡ್ತೀರಿ."

"ನೋಡುವ!" ಎಂದಳು ಪ್ರಾಪ್ತಿ.

ಅದು ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ. ಪ್ರತಿ ಕೋಣೆಯ ಎ.ಸಿ.ಗೆ, ತಂಪು ಹೆಚ್ಚು ಕಡಿಮೆ ಮಾಡಲು ಒಂದು ಥರ್ಮೋಸ್ಟಾಟ್. ಎಲ್ಲವನ್ನೂ ಒಂದೇ ವಯರಿನಲ್ಲಿ ಪೋಣಿಸಿ ಕೆಳಗಿನ ಕಂಪ್ಯೂಟರಿಗೆ ಸೇರಿಸಬೇಕು. ಪ್ರತಿಯೊಂದರ ಬೆನ್ನಲ್ಲಿರುವ ಪುಟ್ಟ ಸ್ವಿಚ್ಚುಗಳಲ್ಲಿ ಅದರದ್ದೇ ಒಂದು ನಂಬರ್ ಇಡಬೇಕು. ಆ ಸ್ವಿಚ್ಚುಗಳಿಗೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ಬೆಲೆ; ಮೇಲೆತ್ತಿದವುಗಳನ್ನು ಕೂಡಿಸಿದರೆ ಬರುವುದೇ ನಂಬರ್. ಎರಡಕ್ಕೆ ಒಂದೇ ನಂಬರ್ ಬಿದ್ದರೆ, ಕಂಪ್ಯೂಟರ್ ಕರೆದಾಗ ಎರಡೂ ಒಟ್ಟಿಗೆ ಬಾಯಿ ಹಾಕುತ್ತವೆ, ಒಂದರ ಮಾತೂ ಕೇಳಿಸುವುದಿಲ್ಲ.

ಎರಡು ವಾರ ಕಳೆಯಿತು. ಅವಳು ಓಡಲಿಲ್ಲ. ಓಡಾಟ ಹೆಚ್ಚಿದ್ದು ಲತೇಶನದ್ದು! ದಿನಕ್ಕೆ ನಾಲ್ಕು ಸಲ "ಊಟ ಆಯ್ತಾ?" ಎಂದು ಕೇಳುವವನನ್ನು ಏನೆನ್ನಬೇಕು? ಅವನ ಬೈಕಿನ ಸದ್ದು ಕೇಳಿದರೆ ಪ್ರಾಪ್ತಿಯ ಕೈಯಿಂದಲೂ ಸ್ಕ್ರೂ ಜಾರುತ್ತಿತ್ತು… ಆದರೆ ತೋರಿಸಿಕೊಳ್ಳುವವಳಲ್ಲ. ಹಠ ಅಂದರೆ ಹಠ!

ಎಲ್ಲವನ್ನೂ ಚಾಲೂ ಮಾಡಿ ಪರೀಕ್ಷಿಸುವ ಬೆಳಿಗ್ಗೆ ಲಾಡ್ಜಿನ ಧಣಿ ಕಮಲಾಕ್ಷ ಕಂಪ್ಯೂಟರಿನ ಮುಂದೆ ನಿಂತರು. ಇಪ್ಪತ್ತೆರಡು ಕೋಣೆ ಹಸಿರು. ಎರಡು ಕೆಂಪು: ಹದಿಮೂರು, ಹದಿನಾಲ್ಕು.

"ಎಂತದು ಇದು? ಹುಡುಗಿಯರಿಗೆ ಇದೆಲ್ಲ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಮಧ್ಯಾಹ್ನದೊಳಗೆ ಸರಿಯಾಗದಿದ್ದರೆ ಮಂಗಳೂರಿನವರನ್ನು ಕರೆಸ್ತೇನೆ. ನೀವು ಮನೆಗೆ ಹೋಗಬಹುದು."

"ಕರೆಸಿ. ಆದರೆ ಮೊದಲು ಮಧ್ಯಾಹ್ನ ಆಗಲಿ!"

ಮೆಟ್ಟಿಲು ಹತ್ತುವಾಗ ಅವಳಿಗೆ ಒಂದೇ ಯೋಚನೆ. ಈ ಕೆಲಸ ಹೋದರೆ ಇನ್ನು ಯಾರು ಕರೆಯುತ್ತಾರೆ?

ಹನ್ನೆರಡರ ಪಕ್ಕದ ಕೋಣೆಯಲ್ಲಿ ಮುಚ್ಚಳ ಬಿಚ್ಚಿದಳು. ಒಂದು, ನಾಲ್ಕು, ಎಂಟರ ಸ್ವಿಚ್ ಮೇಲಿಟ್ಟು ಹದಿಮೂರು ಮಾಡಿದ್ದಳು. ಈಗ ಎರಡು, ನಾಲ್ಕು, ಎಂಟು ಮೇಲಿವೆ… ಹದಿನಾಲ್ಕು!

ಸಂಜೆ ಅವಳು ಹೋದ ಮೇಲೆ ಕೋಣೆಗಳ ಕೀಲಿಕೈ ಇರುವುದು ಲತೇಶನ ಹತ್ತಿರ ಮಾತ್ರ. 'ಎರಡು ದಿನದಲ್ಲಿ ಓಡ್ತೀರಿ…' ನನ್ನನ್ನು ಓಡಿಸಲಿಕ್ಕೇ ಇದನ್ನು ಮಾಡಿದ್ದಾ? ಅವಳ ಕಣ್ಣು ತುಂಬಿ ಬಂತು.

ಬಾಗಿಲಲ್ಲಿ ಅವನೇ ನಿಂತಿದ್ದ.

"ಇದನ್ನು ಮುಟ್ಟಿದ್ದು ನೀವಾ?"

"ಹೌದು… ಬಾಗಿಲಲ್ಲಿ ಹದಿನಾಲ್ಕು ಅಂತ ಉಂಟು. ನಿನ್ನೆ ಮುಚ್ಚಳ ತೆಗೆದು ನೋಡುವಾಗ ನೀವು ಹದಿಮೂರು ಇಟ್ಟದ್ದು ಕಣ್ಣಿಗೆ ಬಿತ್ತು. ತಪ್ಪಿ ಹೋಗಿರಬೇಕು ಅಂತ…"

"ಹದಿಮೂರು ಅಪಶಕುನ ಅಂತ ಧಣಿಗಳು ಮೊನ್ನೆ ನೀವು ಇಲ್ಲದಾಗ ಇಲ್ಲಿಂದ ಮುಂದಿನ ಬಾಗಿಲಿನ ಬೋರ್ಡ್ ಎಲ್ಲ ಬದಲಿಸಿದ್ದು ಮಾರಾಯ್ರೇ! ನನ್ನ ನಂಬರ್ ನಕ್ಷೆ ಪ್ರಕಾರ. ಪಕ್ಕದ ಕೋಣೆಯದ್ದು ಹದಿನಾಲ್ಕು. ಈಗ ಎರಡೂ ಹದಿನಾಲ್ಕು! ನನ್ನನ್ನು ಒಂದು ಮಾತು ಕೇಳಬಾರದಿತ್ತಾ?"

"ಧಣಿ ನಿಮಗೆ ಬೈಯುವುದನ್ನು ನನ್ನಿಂದ ನೋಡ್ಲಿಕ್ಕೆ ಆಗ್ತಿರಲಿಲ್ಲ ಪ್ರಾಪ್ತಿ…"

"ತಪ್ಪು ನನ್ನದಾದರೆ ಬೈಗುಳವೂ ನನ್ನದೇ! ಬೆನ್ನ ಹಿಂದೆ ನಿಂತು ಯಾರೂ ನನ್ನನ್ನು ಉಳಿಸುವುದು ಬೇಡ."

ಸ್ವಿಚ್ಚುಗಳನ್ನು ಮತ್ತೆ ಹದಿಮೂರಕ್ಕೆ ಇಟ್ಟು ದಡದಡನೆ ಇಳಿದಳು. ಲತೇಶ್ ಹಿಂದೆಯೇ ಬಂದ. ಇಪ್ಪತ್ತನಾಲ್ಕೂ ಹಸಿರು!

"ಅಂತೂ ನಿಮ್ಮ ತಪ್ಪು ಸರಿಯಾಯ್ತು," ಎಂದರು ಕಮಲಾಕ್ಷ.

"ತಪ್ಪು ನನ್ನದಲ್ಲ."

"ಮತ್ತೆ ಯಾರದ್ದು?"

ಪ್ರಾಪ್ತಿ ಕಂಪ್ಯೂಟರಿನ ಕಡೆ ತಿರುಗಿದಳು. ಎಷ್ಟು ಸಿಟ್ಟಿದ್ದರೂ ಲತೇಶನ ಹೆಸರು ಬಾಯಿಗೆ ಬರಲೊಲ್ಲದು…

"ನನ್ನದು ಧಣಿ," ಎಲ್ಲ ಕೆಲಸಗಾರರ ಎದುರು ಲತೇಶ್ ಮುಂದೆ ಬಂದ. "ಅವರು ಸರಿಯಾಗಿಯೇ ಇಟ್ಟಿದ್ದರು. ಹಾಳು ಮಾಡಿದ್ದು ನಾನು."

"ಹುಡುಗಿಯರಿಗೆ ಆಗುವುದಿಲ್ಲ ಅಂದ್ರಲ್ಲ, ಆ ಮಾತು ಹಿಂದೆ ತೆಗೀರಿ," ಎಂದಳು ಪ್ರಾಪ್ತಿ.

"ಆಯ್ತು ಮಾರಾಯ್ತಿ, ತೆಗೆದೆ!"

ಹೊರಗೆ ಬಿಸಿಲಿತ್ತು. ಬಸ್ ನಿಲ್ದಾಣದವರೆಗೂ ಅವನು ಹಿಂದೆ ಬಂದ.

"ಇನ್ನೊಂದು ಹೇಳ್ಲಿಕ್ಕೆ ಉಂಟು. ಇದನ್ನು ಎದುರಲ್ಲೇ ಹೇಳ್ತೇನೆ… ನಾನು ನಿಮ್ಮನ್ನು ಪ್ರೀತಿಸ್ತೇನೆ."

ಅವಳು ಹೆಗಲಿನ ಚೀಲ ಕೆಳಗಿಟ್ಟು ಅವನತ್ತ ತಿರುಗಿದಳು. ಸಿಟ್ಟು ಹುಡುಕಿದರೂ ಸಿಗಲಿಲ್ಲ.

"ನಾನೂ," ಎಂದಳು ಮೆಲ್ಲಗೆ. "ಆದರೆ ಅಪ್ಪನ ಹತ್ರ ನಾನೇ ಹೇಳ್ತೇನೆ. ನೀವು ಮೊದಲು ಹೋಗಿ ಕೇಳಬೇಡಿ."

"ಮತ್ತೆ ನಾನು ಎಂತ ಮಾಡ್ಬೇಕು?"

"ನನ್ನ ಪಕ್ಕದಲ್ಲಿ ಕೂತ್ಕೊಳ್ಳಿ. ಬೈಗುಳ ಬಿದ್ದರೆ ಇಬ್ಬರೂ ಒಟ್ಟಿಗೆ ತಿನ್ನುವ."