ಗುಡ್ಡಣ್ಣನ ಬೆನ್ನ ಮೇಲಿನ ಕಾವಲು ಹಲ್ಲಿ

ಬೆಟ್ಟಗಳು ಇನ್ನೂ ಕೂತಲ್ಲಿ ಕೂರದೆ ಓಡಾಡಿಕೊಂಡಿದ್ದ ಕಾಲದಲ್ಲಿ, ಲಿನಕ್ಸಪುರ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಜನ ದುಡಿಯುತ್ತಿದ್ದುದು ಕಡಿಮೆ, ಮಾತಾಡುತ್ತಿದ್ದುದು ಹೆಚ್ಚು. ಏಕೆಂದರೆ ದುಡಿಯುವುದಕ್ಕೆ ಭೂತಗಳಿದ್ದವು. ತಂಪಾದ ಗುಹೆಯಲ್ಲಿ ನಿಂತು ಒಂದು ಭೂತ ಊರಿಗೆಲ್ಲ ನೀರು ಹರಿಸುತ್ತಿತ್ತು, ಒಂದು ದೀಪ ಉರಿಸುತ್ತಿತ್ತು, ಇನ್ನೊಂದು ಯಾರ ಸುದ್ದಿಯನ್ನಾದರೂ ಕಣ್ಣು ಮಿಟುಕಿಸುವುದರೊಳಗೆ ಮುಟ್ಟಿಸುತ್ತಿತ್ತು. ಇವನ್ನು ಊರವರು ಸರ್ವರ್ ಭೂತಗಳು ಎನ್ನುತ್ತಿದ್ದರು. ಇಡ್ಲಿ ತಂದುಕೊಡುವ ಸರ್ವರ್ ಬೇರೆ. ಅವನು ಸುಸ್ತಾದರೆ ಗೊಣಗಿಯಾದರೂ ಗೊಣಗುತ್ತಾನೆ, ಇವು ತುಟಿ ಬಿಚ್ಚುತ್ತಿರಲಿಲ್ಲ.

ತೊಂದರೆಯಾದದ್ದೇ ಅದರಿಂದ. ಒಂದು ದಿನ ದೀಪದ ಭೂತ ನಿಂತ ನಿಲುವಿನಲ್ಲೇ ಕಲ್ಲಾಯಿತು. ಕೆಲವು ದಿನಗಳಲ್ಲಿ ಸುದ್ದಿಯ ಭೂತವೂ ಕಲ್ಲಾಯಿತು. ಉಳಿದವನು ನೀರು ಹರಿಸುವ ಗುಡ್ಡಣ್ಣ ಒಬ್ಬನೇ.

ಅರಸ ವೀರಪ್ಪೊಡೆಯನ ಮಗಳು ಚೆಲುವಾಜಿ ತಾಯಿಯಿಲ್ಲದ ಹುಡುಗಿ. ಗುಡ್ಡಣ್ಣನ ಹೆಗಲ ಮೇಲೆ ಕೂತು ಬೆಳೆದವಳು. ಅವಳು ಗುಹೆಗೆ ಹೋಗಿ ನೋಡಿದರೆ ಅವನ ಕಾಲ್ಬೆರಳುಗಳು ಆಗಲೇ ಕಲ್ಲಾಗಿದ್ದವು.

"ಗುಡ್ಡಣ್ಣಾ, ಏನಾಗ್ತಿದೆ ನಿಂಗೆ?"

"ಏನಿಲ್ಲ ತಾಯಿ. ನೀರು ಹರೀತಿದೆಯಲ್ಲ, ಅಷ್ಟು ಸಾಕು."

ಚೆಲುವಾಜಿ ಅಳುತ್ತಾ ಅಜ್ಜಿಯ ಬಳಿ ಓಡಿದಳು. ಅಜ್ಜಿ ಅವಳ ಕಣ್ಣು ಒರೆಸಿ ಹೇಳಿದಳು: "ಅತ್ತರೆ ಭೂತದ ಕಾಯಿಲೆ ಗೊತ್ತಾಗಲ್ಲ ಮಗಾ. ಹಲ್ಲಿಮಲೆಯಲ್ಲಿ ಏಜೆಂಟ್ ಹಲ್ಲಿ ಅಂತ ಸಾಕ್ತಾರೆ. ಅದು ಯಾವಾಗಲೂ ಜೋಡಿ. ಒಂದು ಭೂತದ ಬೆನ್ನ ಮೇಲೆ ಕೂತು ಮೈಬಿಸಿ, ಉಸಿರು, ಹೊರೆ ಎಲ್ಲ ನೋಡತ್ತೆ. ಇನ್ನೊಂದು ಅರಮನೆ ಗೋಡೆ ಮೇಲೆ ಕೂತು ಅದನ್ನ ನುಡಿಯತ್ತೆ. ನಮ್ಮ ಉಗ್ರಾಣದ ಯಕ್ಷಿಯನ್ನ ಕೇಳು."

ಅರಮನೆಯ ಉಗ್ರಾಣವನ್ನು ಕಾಯುತ್ತಿದ್ದ ಯಕ್ಷಿಗೆ ಸಾವಿರ ಕೈ. ಏನು ಕೇಳಿದರೂ ಅಚ್ಚುಕಟ್ಟಾಗಿ ಗಂಟು ಕಟ್ಟಿ ಕೊಡುತ್ತಿದ್ದಳು. ಆ ಗಂಟಿಗೆ ಊರಲ್ಲಿ ಪ್ಯಾಕೇಜ್ ಎಂದು ಹೆಸರು. ಆದರೆ ಅವಳ ಮಡಿ, ಅವಳ ಕಟ್ಟುನಿಟ್ಟು ದೇವರಿಗೇ ಪ್ರೀತಿ.

"ಆ ಹಲ್ಲಿ ನನ್ನ ಕಪಾಟಿನಲ್ಲಿಲ್ಲ. ಸಾಕೋರ ಮನೆ ದಾರಿ ಹೇಳು, ಆ ಮನೆ ಮುದ್ರೆ ತಂದು ಕೊಡು. ಮುದ್ರೆ ಹೊಂದದ್ದನ್ನ ನಾನು ಹೊಸಿಲು ದಾಟಿಸಲ್ಲ" ಎಂದಳು ಯಕ್ಷಿ. ಇದು ಮೊದಲನೆಯ ಪರೀಕ್ಷೆ.

ಚೆಲುವಾಜಿ ಹೊರಟಳು. ಕಾಡಿನ ನಡುವೆ ಒಂದು ನರಿ ಬುಟ್ಟಿ ಹೊತ್ತು ನಿಂತಿತ್ತು.

"ಅಕ್ಕಾ, ಅಷ್ಟು ದೂರ ಯಾಕೆ ನಡೀತೀಯ? ಹಲ್ಲಿ ಇಲ್ಲೇ ಇದೆ. ಬಿಟ್ಟಿ!"

"ಮುದ್ರೆ ಎಲ್ಲಿ?"

"ಮುದ್ರೆಯನ್ನೇನು ಉಪ್ಪಿನಕಾಯಿ ಹಾಕ್ತೀಯಾ? ಹಲ್ಲಿ ನೋಡು, ಎಷ್ಟು ಚೆಂದ ಇದೆ!"

ಚೆಲುವಾಜಿಯ ಕಾಲು ನೋಯುತ್ತಿತ್ತು. ಬುಟ್ಟಿಗೆ ಕೈ ಹಾಕಿಯೂ ಹಾಕಿದಳು. ಆದರೆ ಯಕ್ಷಿಯ ಗಂಟಿಕ್ಕಿದ ಹುಬ್ಬು ನೆನಪಾಗಿ ಕೈ ಹಿಂದೆ ತೆಗೆದಳು. ಆ ಕ್ಷಣವೇ ನರಿ, ಬುಟ್ಟಿ, ಹಲ್ಲಿ ಎಲ್ಲ ಹೊಗೆಯಾಗಿ ಹಾರಿಹೋದವು. ಯಾವನೋ ಮಾಂತ್ರಿಕ ಇದರ ಹಿಂದೆ ಇದ್ದಾನೆಂದು ಅವಳಿಗೆ ಆಗ ತಿಳಿಯಿತು. ಅವಳು ನಡಿಗೆ ಜೋರು ಮಾಡಿ ಹಲ್ಲಿಮಲೆ ಸೇರಿ, ಅರಗಿನ ಮುದ್ರೆ ಪಡೆದು ಮರಳಿದಳು.

ಯಕ್ಷಿ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಕೈಯನ್ನು ಕಿಟಕಿಯಿಂದ ಹಲ್ಲಿಮಲೆಯವರೆಗೂ ಚಾಚಿ ಜೋಡಿ ಹಲ್ಲಿಗಳನ್ನು ತಂದಳು. ಆಮೇಲೆ ಎರಡನೆಯ ಪರೀಕ್ಷೆ.

"ಇವು ಬರಿಗೈಲಿ ಬರಲ್ಲ. ಅಂಟಿಕೊಳ್ಳೋಕೆ ಹಲಗೆ ಬೇಕು, ಹಲಗೆಗೆ ಮೊಳೆ ಬೇಕು, ತಿನ್ನೋಕೆ ನುಸಿ ಬೇಕು. ಎಲ್ಲ ಸೇರಿ ಗುಹೆಯಲ್ಲಿ ಒಂದು ಮೂಲೆ ಹಿಡಿಯತ್ತೆ. ಅರಸರ ಉಂಗುರ ತೋರಿಸಿ ಹೇಳು, ತರಲೋ ಬೇಡವೋ?"

ಚೆಲುವಾಜಿ ಅಪ್ಪನಿಂದ ಕೇಳಿ ತಂದಿದ್ದ ಉಂಗುರ ತೋರಿಸಿ, "ಆಗಲಿ, ನೋಡೋಣ" ಎಂದಳು.

ಯಕ್ಷಿ ಹಲ್ಲಿಗಳನ್ನು ಎತ್ತಿ ಕಪಾಟಿನೊಳಗೆ ಇಟ್ಟುಬಿಟ್ಟಳು.

"ಅಯ್ಯೋ, ಯಾಕಮ್ಮಾ?"

"ಹೌದೋ ಅಲ್ಲವೋ ಅಂದರೆ ಈ ಊರಲ್ಲಿ ಯಾರೂ ಹೌದು ಅನ್ನಲ್ಲ. ನೋಡೋಣ, ಮಾಡೋಣ, ದೇವರಿದ್ದಾನೆ! ನನಗೆ ಹೌದು ಅಂದರೆ ಮಾತ್ರ ಹೌದು."

"ಹೌದು!" ಎಂದು ಚೆಲುವಾಜಿ ಕಿರುಚಿದಳು. ಗಂಟು ಕೈಗೆ ಬಂತು.

ಒಂದು ಹಲ್ಲಿಯನ್ನು ಗುಡ್ಡಣ್ಣನ ಬೆನ್ನಿಗೂ, ಇನ್ನೊಂದನ್ನು ಆಸ್ಥಾನದ ಗೋಡೆಗೂ ಬಿಟ್ಟಳು. ಎರಡೂ ಗಡದ್ದಾಗಿ ನಿದ್ದೆ ಹೋದವು. ಅವನ್ನು ಎಬ್ಬಿಸುವುದೇ ಮೂರನೆಯ ಪರೀಕ್ಷೆ. ಬೆನ್ನು ಸವರಿ "ಏಳು" ಎಂದರೆ ಇಂದಿಗೆ ಏಳುತ್ತಿದ್ದವು, ನಾಳೆ ಮತ್ತೆ ಮಲಗುತ್ತಿದ್ದವು. ಯಕ್ಷಿಯ ಮಾತಿನಂತೆ ಅವಳು, "ಗುಡ್ಡಣ್ಣ ಇರುವವರೆಗೂ ದಿನಾ ನೀವಾಗಿಯೇ ಏಳಬೇಕು" ಎಂದು ಆಣೆ ಹಾಕಿಸಿಕೊಂಡಳು. ಆಗ ಹಲ್ಲಿಗಳು ಕಣ್ಣು ಬಿಟ್ಟವು.

ಆಸ್ಥಾನ ತುಂಬಿತ್ತು. ಚೆಲುವಾಜಿ ಸಂತೋಷದಿಂದ, "ಇನ್ನು ಗುಡ್ಡಣ್ಣನಿಗೆ ಏನೂ ಆಗಲ್ಲ ಅಪ್ಪಾಜಿ" ಎಂದಳು.

ಗೋಡೆಯ ಹಲ್ಲಿ 'ಲೊಚ್ ಲೊಚ್' ಎಂದಿತು.

"ಸತ್ಯ, ಸತ್ಯ! ಹಲ್ಲಿ ನುಡೀತು!" ಎಂದು ಎಲ್ಲರೂ ನೆಲಕ್ಕೆ ಬೆರಳು ಕುಟ್ಟಿದರು. ಮಾತಿನ ನಡುವೆ ಹಲ್ಲಿ ನುಡಿದರೆ ಆ ಮಾತು ನಿಜವೆಂಬುದು ಆ ಊರಿನ ಹಳೆಯ ನಂಬಿಕೆ. ಚೆಲುವಾಜಿಯೂ ಕುಟ್ಟಿದಳು.

"ರಾಜ್ಯ ಸುಭಿಕ್ಷವಾಗಿದೆ ಪ್ರಭು" ಎಂದ ಮಂತ್ರಿ ಸುಬ್ಬರಸ. 'ಲೊಚ್ ಲೊಚ್!' ಮತ್ತೆ ಎಲ್ಲರ ಬೆರಳೂ ನೆಲಕ್ಕೆ. ಪಾಪದ ಹಲ್ಲಿಯ ಗಂಟಲು ಒಣಗಿಹೋಯಿತು. ಮಂತ್ರಿಗೆ ಹುಮ್ಮಸ್ಸು ಏರಿತು. "ಈ ರಾಜ್ಯದಲ್ಲಿ ನನ್ನಷ್ಟು ಇಂಪಾಗಿ ಹಾಡೋರು ಯಾರೂ ಇಲ್ಲ!"

'ಲೊಚ್ ಲೊಚ್ ಲೊಚ್!'

ಚೆಲುವಾಜಿಯ ಬೆರಳು ಗಾಳಿಯಲ್ಲೇ ನಿಂತಿತು. ಮಂತ್ರಿ ಹಾಡಿದರೆ ಊರಿನ ಕತ್ತೆಗಳು ಗಡಿ ದಾಟಿ ಓಡುತ್ತಿದ್ದುದನ್ನು ಅವಳೇ ಕಂಡಿದ್ದಳು. ಹಾಗಾದರೆ ಹಲ್ಲಿ ಹೇಳುತ್ತಿರುವುದು ಸತ್ಯವೆಂದಲ್ಲ, ಬೇರೇನೋ! ನಾವು ಒಬ್ಬರೂ ಅದನ್ನು ಏನೆಂದು ಕೇಳಲೇ ಇಲ್ಲವಲ್ಲ ಎಂದು ಅವಳಿಗೆ ಹೊಳೆಯಿತು. ಗೋಡೆಗೆ ಕಿವಿಯಿಟ್ಟು, "ಏನು ಹೇಳ್ತಿದ್ದೀಯಪ್ಪಾ?" ಎಂದು ಕೇಳಿದಳು.

"ಅಂತೂ ಕೇಳಿದ್ಯಲ್ಲ!" ಎಂದಿತು ಹಲ್ಲಿ. "ಗುಡ್ಡಣ್ಣನ ಮೈ ಕಾದ ಕಾವಲಿ ಆಗಿದೆ. ಸೊಂಟದವರೆಗೆ ಕಲ್ಲು. ಅವನ ಬಲದಲ್ಲಿ ನೀರಿಗೆ ಹೋಗ್ತಿರೋದು ಸ್ವಲ್ಪ, ಉಳಿದದ್ದೆಲ್ಲ ಬಲಗಿವಿಯೊಳಗೆ ಕೂತವನಿಗೆ. ಅವನ ಹೆಸರು ಧೂಮಾಂಗದ. ಉಂಗುರ ಹಿಡಿದು ಹೆಸರು ಕೂಗಿ ನಿಲ್ಲು ಅಂದರೆ ಮಾತ್ರ ನಿಲ್ತಾನೆ."

ಚೆಲುವಾಜಿ ಲಂಗ ಎತ್ತಿ ಕಟ್ಟಿ ಗುಹೆಗೆ ಓಡಿದಳು. ಗುಡ್ಡಣ್ಣನ ಎದೆಯೂ ಕಲ್ಲಾಗುತ್ತಿತ್ತು. ಅವಳು ಹೆಗಲೇರಿ ಕಿವಿಯೊಳಗೆ ಇಣುಕಿದಳು. ಉಣ್ಣೆಹುಳುವಿನಷ್ಟು ಚಿಕ್ಕ ಮಾಂತ್ರಿಕನೊಬ್ಬ ಬೀಸುವ ಕಲ್ಲು ತಿರುಗಿಸುತ್ತಾ, ಭೂತದ ಬಲವನ್ನು ಬೀಸಿ ತನಗೆ ಅಮೃತ ಮಾಡಿಕೊಳ್ಳುತ್ತಿದ್ದ.

"ಇನ್ನೊಂದೇ ಹಿಡಿ! ಆಮೇಲೆ ನನಗೆ ಸಾವಿಲ್ಲ!"

"ಧೂಮಾಂಗದಾ, ನಿಲ್ಲು!" ಎಂದು ಅವಳು ಉಂಗುರ ಚಾಚಿದಳು.

ಬೀಸುವ ಕಲ್ಲು ಎರಡು ಹೋಳಾಯಿತು. ಮಾಂತ್ರಿಕ ಒಂದು ಸೀನಿನಷ್ಟು ಹೊಗೆಯಾಗಿ ಹೋದ. ಕದ್ದ ಬಲವೆಲ್ಲ ಹರಿದು ಬಂದು ದೀಪದ ಭೂತ ಕಣ್ಣು ಬಿಟ್ಟಿತು, ಸುದ್ದಿಯ ಭೂತ ಆಕಳಿಸಿತು. ಗುಡ್ಡಣ್ಣನ ಎದೆ ಮೆತ್ತಗಾಯಿತು. ಚೆಲುವಾಜಿ ಅವನ ಕಿವಿ ಹಿಡಿದುಕೊಂಡು ಜೋರಾಗಿ ಅತ್ತಳು, ಅಳುತ್ತಲೇ ನಕ್ಕಳು.

ಅಂದೇ ಎಲ್ಲ ಭೂತಗಳಿಗೂ ಒಂದೊಂದು ಜೋಡಿ ಹಲ್ಲಿ ಬಂತು. ಯಕ್ಷಿ ಕೇಳಿದಾಗ ಇಡೀ ಊರು ಒಂದೇ ಕೊರಳಲ್ಲಿ "ಹೌದು" ಎಂದಿತು.

ಮರುದಿನ ಬೆಳಿಗ್ಗೆ ಊರಿಗೆ ನೀರು ಬರಲಿಲ್ಲ. ಆಸ್ಥಾನದ ಹಲ್ಲಿ 'ಲೊಚ್' ಎಂದಿತು. ಯಾರೂ ಬೆರಳು ಕುಟ್ಟಲಿಲ್ಲ. ಅರಸ ತಾನೇ ಎದ್ದು ಗೋಡೆಯ ಬಳಿ ಹೋಗಿ ಕೇಳಿದ, "ಏನಪ್ಪಾ?"

"ಗುಡ್ಡಣ್ಣ ಮಲಗಿದ್ದಾನೆ. ಹುಟ್ಟಿದ ಮೇಲೆ ಇದೇ ಮೊದಲು."

ವೀರಪ್ಪೊಡೆಯ ಕಿರೀಟ ತೆಗೆದಿಟ್ಟು, ಕೊಡ ಎತ್ತಿಕೊಂಡು ಹೊಳೆಯ ಕಡೆ ನಡೆದ. ಹಿಂದೆ ಮಂತ್ರಿ, ಅವನ ಹಿಂದೆ ಊರಿಗೆ ಊರೇ ಕೊಡ ಹೊತ್ತು ನಡೆಯಿತು. ಗುಹೆ ದಾಟುವಾಗ ಒಳಗಿನ ಗೊರಕೆಗೆ ಎಲ್ಲರ ಕೈಯ ಕೊಡಗಳೂ ಝಣಝಣ ಎಂದವು. ಚೆಲುವಾಜಿ ತುಟಿಯ ಮೇಲೆ ಬೆರಳಿಟ್ಟಳು. ಮಾತಿಗೆ ಹೆಸರಾದ ಲಿನಕ್ಸಪುರದ ಜನ ಆ ಬಾಗಿಲ ಮುಂದೆ ತುದಿಗಾಲಲ್ಲಿ, ಒಂದೂ ಮಾತಿಲ್ಲದೆ ದಾಟಿಹೋದರು. ಅಲ್ಲಿಂದ ಮುಂದೆ ಭೂತಗಳೂ ಜನರೂ ಸರದಿಯಂತೆ ದುಡಿದು, ಸರದಿಯಂತೆ ಮಲಗಿ, ಬಹುಕಾಲ ನಗುನಗುತ್ತಾ ಬಾಳಿದರು.